ಸ್ಟರ್ಲಿಂಗಿನಲ್ಲಿ ಬಾಣಂತಿ ನೀರು

ಮನೆಗೆ ನೀರು ಹೇಗೆ ಬರುತ್ತದೆ ಎಂಬುದನ್ನು ನಾನು ಕಲಿತದ್ದು ಊಟದ ಮೇಜಿನ ಮುಂದೆ, ಬೇಡ ಬೇಡವೆಂದರೂ. ಕಲಿಸಿದವರು ನನ್ನ ಗಂಡ. ತೊಂಬತ್ತರ ದಶಕದ ನಡುವಿನ ಮಾತು. ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಒಂದು ಟೌನ್‌ಹೌಸಿನಲ್ಲಿದ್ದೆವು. ನಮ್ಮ ಮೊದಲ ಮಗು ದಿನ ತುಂಬುವ ಹೊತ್ತಿಗೆ ಹೊಟ್ಟೆಯಲ್ಲೇ ಹೋಗಿತ್ತು. ಸತ್ತ ಮಗುವನ್ನು ಹೆತ್ತು, ಖಾಲಿ ಕೈಯಲ್ಲಿ ಮನೆಗೆ ಬಂದಿದ್ದೆ. ಅದೊಂದನ್ನು ಬಿಟ್ಟು ಪ್ರಪಂಚದ ಯಾವ ವಿಷಯ ಬೇಕಾದರೂ ಮಾತಾಡಲು ನನ್ನ ಗಂಡ ತಯಾರಿದ್ದರು. ಅವರಿಗೆ ಸಿಕ್ಕಿದ್ದು ಪೈಪು.

ಲೈಬ್ರರಿಯಿಂದ ಮನೆ ರಿಪೇರಿಯ ದಪ್ಪ ಪುಸ್ತಕವೊಂದನ್ನು ತಂದಿದ್ದರು. ರೆಸ್ಟನ್‌ನ ಆಫೀಸಿನಿಂದ ಬಂದವರೇ, ಶೂ ಕೂಡ ಬಿಚ್ಚದೆ, ಅದನ್ನು ಹಿಡಿದು ಸೋಫಾದಲ್ಲಿ ಕೂರುತ್ತಿದ್ದರು. ಆಮೇಲೆ ಊಟಕ್ಕೆ ಕೂತಾಗ ಹುಳಿಯೊಳಗಿನ ನುಗ್ಗೆಕಾಯಿ ತುಂಡುಗಳನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಜೋಡಿಸಿ ಪಾಠ ಶುರು.

"ಇದು ರೋಡ್ ಕೆಳಗಿರೋ ಮೇನ್ ಪೈಪ್ ಅಂದ್ಕೋ. ಹೊಳೆ ನೀರನ್ನ ಕ್ಲೀನ್ ಮಾಡಿ, ಪಂಪ್ ಮಾಡಿ ಇದರೊಳಗೆ ತುಂಬಿರ್ತಾರೆ. ಯಾವಾಗ್ಲೂ ತುಂಬೇ ಇರತ್ತೆ, ಪ್ರೆಶರ್ ಸಮೇತ. ಇಲ್ಲಿಂದ ಒಂದು ಸಣ್ಣ ಪೈಪ್ ನಮ್ಮನೆ ಕಡೆಗೆ ಕವಲು. ಮುಂದುಗಡೆ ಹುಲ್ಲಲ್ಲಿ ಕಬ್ಬಿಣದ ಮುಚ್ಚಳ ಇದ್ಯಲ್ಲ, ಅದರ ಕೆಳಗೆ ಮೀಟರ್. ಮನೆ ಒಳಗೆ ಬಂದ ತಕ್ಷಣ ಒಂದು ವಾಲ್ವ್, ವಾಷಿಂಗ್ ಮಷೀನ್ ಹಿಂದೆ. ಅದನ್ನ ತಿರುಗಿಸಿದ್ರೆ ಇಡೀ ಮನೆ ನೀರು ಬಂದ್."

"ರೀ, ನುಗ್ಗೆಕಾಯಿ ತಿನ್ನಿ, ಆರೋಗತ್ತೆ" ಎಂದೆ.

"ತಾಳು. ಅಲ್ಲಿಂದ ಎರಡು ದಾರಿ. ಒಂದು ನೇರವಾಗಿ ತಣ್ಣೀರು. ಇನ್ನೊಂದು ಹೀಟರ್ ಒಳಗೆ ಹೋಗಿ ಬಿಸಿಯಾಗಿ ಬರತ್ತೆ. ಆಮೇಲೆ ಗೋಡೆ ಒಳಗೆ ಎರಡೂ ಜೊತೆಜೊತೆಗೇ ಮೇಲಕ್ಕೆ ಹೋಗ್ತಾವೆ, ಅಡುಗೆಮನೆಗೆ, ಬಾತ್‌ರೂಮಿಗೆ."

ನನ್ನಮ್ಮ ಮಾತ್ರ ಇದನ್ನು ಶ್ರದ್ಧೆಯಿಂದ ಕೇಳುತ್ತಿದ್ದಳು. ಬಾಣಂತನ ಮಾಡಲೆಂದು ಬೆಂಗಳೂರಿನಿಂದ ಬಂದಿದ್ದವಳು. ಬಸವನಗುಡಿಯ ಮನೆಯಲ್ಲಿ ದಿನ ಬಿಟ್ಟು ದಿನ ಬೆಳಗಿನ ಜಾವ ಬರುವ ನೀರಿಗಾಗಿ ಆಯುಷ್ಯವೆಲ್ಲ ಎದ್ದವಳಿಗೆ ಇಲ್ಲಿ ಮಾಳಿಗೆಯ ಮೇಲೆ ಟ್ಯಾಂಕೇ ಇಲ್ಲವೆಂಬುದು ದೊಡ್ಡ ಆಶ್ಚರ್ಯ.

"ಅಲ್ಲ, ಟ್ಯಾಂಕ್ ಇಲ್ದೆ ನೀರು ಮೇಲಕ್ಕೆ ಹೇಗ್ ಹತ್ತತ್ತೆ ಅಂತೀನಿ" ಎಂದಳು ಅಳಿಯನಿಗೆ.

"ಊರಿಗೆಲ್ಲ ಒಂದು ಟವರ್ ಇರತ್ತೆ ಅತ್ತೆ, ಎತ್ತರದಲ್ಲಿ. ಅದರಲ್ಲಿರೋ ನೀರಿನ ಭಾರಕ್ಕೇ ಇಲ್ಲೀವರೆಗೂ ತಳ್ಕೊಂಡು ಬರತ್ತೆ."

"ಮತ್ತೆ ಅದೇ ಟ್ಯಾಂಕ್ ಅಲ್ವಾ? ಇಷ್ಟ್ ಹೊತ್ತು ಇಲ್ಲ ಇಲ್ಲ ಅಂದ್ರಲ್ಲ!"

ನನ್ನ ಗಂಡ ನುಗ್ಗೆಕಾಯಿ ತುಂಡೊಂದನ್ನು ಎತ್ತಿ ಬಾಯಿಗಿಟ್ಟುಕೊಂಡರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಎದ್ದು ಕೈ ತೊಳೆದುಕೊಂಡೆ, ಅಷ್ಟೆ.

ನನಗೆ ಆಗ ದುಃಖವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಿರಲಿಲ್ಲ. ಸಿಟ್ಟು ಮಾತ್ರ ಬರುತ್ತಿತ್ತು, ಅದೂ ಚಿಲ್ಲರೆ ವಿಷಯಕ್ಕೆ: ಚಮಚ ಬಿದ್ದ ಸದ್ದಿಗೆ, ಟಿವಿಯಲ್ಲಿ ಹವಾಮಾನ ಹೇಳುವವನ ಹಲ್ಲಿಗೆ. ಕಿಟಕಿಯ ಹೊರಗೆ ಯಾವುದೋ ಮರ ಮೈತುಂಬ ಬಿಳಿ ಹೂ ಬಿಟ್ಟಿತ್ತು. ಅದನ್ನು ಕಂಡರೂ ಉರಿಯುತ್ತಿತ್ತು. ಮಿಕ್ಕಂತೆ ಕೂರು ಎಂದರೆ ಕೂರುತ್ತಿದ್ದೆ, ಉಣ್ಣು ಎಂದರೆ ಉಣ್ಣುತ್ತಿದ್ದೆ. ಎದೆಯಲ್ಲಿ ಹಾಲು ಬಂದಿತ್ತು. ಯಾರಿಗೆ ಬೇಕಿತ್ತು ಅದು! ಅಮ್ಮ ಹಳೆಯ ಪಂಚೆ ಹರಿದು ಎದೆಗೆ ಬಿಗಿಯಾಗಿ ಕಟ್ಟಿದಳು.

ಅಮ್ಮ ಬರುವಾಗ ಎರಡು ಸೂಟ್‌ಕೇಸಿನ ತುಂಬ ಸಾಮಾನು ತಂದಿದ್ದಳು. ಒಂದರಲ್ಲಿ ಮಗುವಿನದು. ಅದನ್ನು ನಾನು ಆಸ್ಪತ್ರೆಯಲ್ಲಿದ್ದಾಗಲೇ ಬೀಗ ಹಾಕಿ ಮಂಚದ ಕೆಳಗೆ ತಳ್ಳಿದ್ದಳು. ಇನ್ನೊಂದರಲ್ಲಿ ನನ್ನದು: ಅಂಟು, ಒಣಕೊಬ್ಬರಿ, ಮೆಣಸು, ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ. ಅದನ್ನು ಮಾತ್ರ ಅಡುಗೆಮನೆಯಲ್ಲಿ ಸಾಲಾಗಿ ಜೋಡಿಸಿದಳು. ನಾನು ಮನೆಗೆ ಬಂದ ಮಾರನೆಯ ಬೆಳಿಗ್ಗೆಯೇ ಎಣ್ಣೆ ಬಟ್ಟಲು ಹಿಡಿದು ಬಂದು, "ಏಳು, ನೀರ್ ಹಾಕ್ತೀನಿ" ಎಂದಳು.

ಬಾಣಂತಿಗೆ ನೀರು ಹಾಕುವುದೆಂದರೆ ಏನೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಮೈಗೆ, ತಲೆಗೆ ಎಣ್ಣೆ ತಿಕ್ಕಿ, ಕೂರಿಸಿ, ತಡೆಯಲಾರದಷ್ಟು ಬಿಸಿಯಾದ ನೀರನ್ನು ಸೊಂಟಕ್ಕೆ, ಬೆನ್ನಿಗೆ ಚೊಂಬುಗಟ್ಟಲೆ ಎರಚುವುದು. ಆಮೇಲೆ ಕೂದಲಿಗೆ ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಕಂಬಳಿ ಹೊದೆಸಿ ಮಲಗಿಸುವುದು. ಆದರೆ ಅದು ಬಾಣಂತಿಗೆ.

"ನಾನು ಬಾಣಂತಿ ಅಲ್ಲಮ್ಮ" ಎಂದೆ.

"ಮತ್ತಿನ್ಯಾರು?"

"ಬಾಣಂತಿ ಅಂದ್ರೆ ಮಗು ಇರತ್ತೆ."

"ಅದೆಲ್ಲ ನಿನ್ನ ಮೈಗೆ ಗೊತ್ತಾಗತ್ತೇನೇ? ಹೆತ್ತಿದೀಯ. ಹೆತ್ತ ಮೈ ಅದು. ಏಳು ಅಂದ್ರೆ ಏಳು, ಹಟ ಮಾಡ್ಬೇಡ."

ಅದೇ ವಾರ ಬೆಂಗಳೂರಿನಿಂದ ದೊಡ್ಡಮ್ಮನ ಫೋನು ಬಂತು. ಅಮ್ಮನಿಗಿಂತ ಹಿರಿಯಳು, ಎಲ್ಲದರಲ್ಲೂ ತನ್ನ ಮಾತೇ ನಡೆಯಬೇಕೆನ್ನುವವಳು. ಅವಳ ಗಂಟಲು ಎಂಥದೆಂದರೆ ಸಮುದ್ರದಾಚೆಯಿಂದ ಮಾತಾಡಿದರೂ ಪಕ್ಕದಲ್ಲಿ ಕೂತ ನನಗೆ ಕೇಳುತ್ತಿತ್ತು. "ಮಗೂನೇ ಉಳೀಲಿಲ್ಲ, ಇನ್ನೆಂಥಾ ಬಾಣಂತನ ಕಣೇ? ಲಕ್ಷಣವಲ್ಲ ಅದು. ಸುಮ್ನೆ ವಾಪಸ್ ಬಾ." ಅಮ್ಮ ಅಷ್ಟೂ ಕೇಳಿಸಿಕೊಂಡು, "ಅವಳು ಹೆತ್ತಿದಾಳೆ ಅಕ್ಕ, ನೀರ್ ಹಾಕ್ಲೇಬೇಕು" ಎಂದು ಫೋನಿಟ್ಟಳು. ಅಮ್ಮ ತನ್ನಕ್ಕನಿಗೆ ಎದುರು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೂ ನಿಜ ಹೇಳುತ್ತೇನೆ, ನಾನು ದೊಡ್ಡಮ್ಮನ ಕಡೆಯೇ ಇದ್ದೆ. ಹೆತ್ತವಳು ಎಂದು ಒಪ್ಪಿಕೊಂಡರೆ ಹೆತ್ತದ್ದು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಒಪ್ಪದಿದ್ದರೆ ಏನೂ ಆಗಿಲ್ಲವೆಂದು ಇದ್ದುಬಿಡಬಹುದು. ನನ್ನ ಬಾಯಿಂದಲೇ ಒಪ್ಪಿಸಬೇಕೆಂದು ಅಮ್ಮನ ಹಟ, ಒಪ್ಪಬಾರದೆಂದು ನನ್ನದು. ಮೈಯನ್ನು ಅವಳ ಕೈಗೆ ಕೊಟ್ಟೆ. ಬಾಯಿ ಕೊಡಲಿಲ್ಲ.

ಹೀಗೆ ದಿನಾ ಬೆಳಿಗ್ಗೆ ಮಹಡಿಯ ಬಾತ್‌ಟಬ್ಬಿನೊಳಗೆ ಪ್ಲಾಸ್ಟಿಕ್ ಸ್ಟೂಲು ಹಾಕಿ ನನ್ನನ್ನು ಕೂರಿಸುತ್ತಿದ್ದಳು. ಅವಳ ಕಷ್ಟವೆಂದರೆ ನೀರು. ನಲ್ಲಿಯಲ್ಲಿ ಬರುವುದು ಅವಳ ಲೆಕ್ಕದಲ್ಲಿ ಉಗುರು ಬೆಚ್ಚಗಿನದು, ಕೈ ತೊಳೆಯುವುದಕ್ಕೆ ಮಾತ್ರ ಸರಿ. ಅದೂ ಅರ್ಧ ಸ್ನಾನಕ್ಕೆ ತಣ್ಣಗಾಗುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಗಟ್ಟಲೆ ಕಾಯಿಸಿ ಮೆಟ್ಟಿಲು ಹತ್ತಿ ಇಳಿದು ಅವಳ ಮಂಡಿ ಹಿಡಿದುಕೊಂಡಿತು. ಕೊನೆಗೆ ಅಳಿಯನ ಹತ್ತಿರ ಅಹವಾಲು ಹೋಯಿತು.

"ನೋಡಿ, ಆ ಹೀಟರಿಗೆ ಏನಾದ್ರೂ ಮಾಡಕ್ಕಾಗತ್ತಾ? ನೀರು ಅಂದ್ರೆ ಹೊಗೆ ಆಡ್ಬೇಕು."

ಅವರಿಗೆ ಅಷ್ಟೇ ಬೇಕಾಗಿತ್ತು. ಪುಸ್ತಕ ಹಿಡಿದು ಕೆಳಗೆ ಹೋಗಿ, ಹೀಟರಿನ ಬುಡದಲ್ಲಿ ಮಂಡಿಯೂರಿ, ಅದರ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿ ಬಂದರು. ಮಗುವಿಗಾಗಿ ಮಾಡಲಾಗದೆ ಹೋದ ಎಲ್ಲ ಕೆಲಸ ಆ ಒಂದು ಗುಂಡಿಯಲ್ಲಿ ಮಾಡಿದರು ಎಂದು ಈಗ ಅನಿಸುತ್ತದೆ. ಆಗ ಅನಿಸಿದ್ದು, ಈ ಮನೆಯಲ್ಲಿ ಇಬ್ಬರಿಗೂ ತಲೆ ಕೆಟ್ಟಿದೆ ಎಂದು. ಮಾರನೆಯ ದಿನದಿಂದ ನಲ್ಲಿಯಲ್ಲಿ ಹೊಗೆಯಾಡುವ ನೀರು ಬಂತು. ಅಮ್ಮ ಅಳಿಯನನ್ನು ಹೊಗಳಿದ್ದೇ ಹೊಗಳಿದ್ದು.

ಗೋಡೆಯೊಳಗಿನ ಪೈಪು ಎಂಥದೆಂದು ಅವರು ನೋಡಿರಲಿಲ್ಲ. ಆ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬೂದು ಬಣ್ಣದ ಒಂದು ಜಾತಿ ಪ್ಲಾಸ್ಟಿಕ್ ಪೈಪು ಹಾಕಿದ್ದರು. ತಾಮ್ರಕ್ಕಿಂತ ಅಗ್ಗ, ಬೇಕಾದ ಹಾಗೆ ಬಗ್ಗುತ್ತದೆ. ಕೆಲವು ವರ್ಷಕ್ಕೆ ಒಳಗಿಂದೊಳಗೇ ಪೆಡಸಾಗಿ, ಸೇರಿಸಿದ ಜಾಗದಲ್ಲಿ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಕುದಿಯುವಂಥ ನೀರು ದಿನವೂ ಅದರೊಳಗೆ ನುಗ್ಗಿದರೆ ಇನ್ನೂ ಬೇಗ. ಇದೆಲ್ಲ ಗೊತ್ತಾದದ್ದು ಆಮೇಲೆ, ಪ್ಲಂಬರ್ ಗೋಡೆ ಕೊಯ್ದು ತೋರಿಸಿದಾಗ.

ಅದು ಒಡೆದ ದಿನ ನನ್ನ ಗಂಡ ಆಫೀಸಿಗೆ ಹೋಗಿಯಾಗಿತ್ತು. ನಾನು ಟಬ್ಬಿನಲ್ಲಿ ಕೂತಿದ್ದೆ, ಎದೆಯ ಮೇಲಕ್ಕೆ ಹಳೆ ಲಂಗ ಕಟ್ಟಿಕೊಂಡು. ಮೈಯೆಲ್ಲ ಎಣ್ಣೆ, ತಲೆಯಲ್ಲಿ ಸೀಗೆಪುಡಿ. ಅಮ್ಮ ಬಕೆಟ್ಟು ತುಂಬಿಸುತ್ತಿದ್ದಂತೆ ಗೋಡೆಯೊಳಗೆ ಏನೋ ಟಪ್ಪೆಂದಿತು. ನಲ್ಲಿಯ ಧಾರೆ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು.

"ಅಯ್ಯಯ್ಯೋ, ನೀರ್ ನಿಂತ್ಹೋಗ್ತಿದೆ ಕಣೇ!" ಎಂದಳು ಅಮ್ಮ.

ಬೆಂಗಳೂರಿನವರಿಗೆ ಈ ಮಾತು ಬಾಯಿಗೆ ಬಂದರೆ ಕಾಲು ತಾನಾಗಿ ಓಡುತ್ತದೆ. ನೀರು ನಿಲ್ಲುವುದರೊಳಗೆ ಬಂದಷ್ಟು ಹಿಡಿದುಕೊಳ್ಳಬೇಕು. ಬಾತ್‌ರೂಮಿನ ನಲ್ಲಿಗಳನ್ನೆಲ್ಲ ತೆರೆದಿಟ್ಟಳು. ಕೆಳಗೆ ಓಡಿ ಅಡುಗೆಮನೆಯ ನಲ್ಲಿ ತೆರೆದು ಕುಕ್ಕರು, ಇಡ್ಲಿ ಪಾತ್ರೆ, ಹಾಲಿನ ಖಾಲಿ ಜಗ್ಗು, ಸಿಕ್ಕಿದ್ದನ್ನೆಲ್ಲ ಕೆಳಗೆ ಹಿಡಿಯತೊಡಗಿದಳು. ಪಾತ್ರೆಗಳ ಸದ್ದು ನನಗೆ ಮೇಲಕ್ಕೆ ಕೇಳಿಸುತ್ತಿತ್ತು. ಆಮೇಲೆ ಒಂದು ಕೂಗು.

"ಬಾರೇ ಇಲ್ಲಿ! ಮನೆ ಒಳಗೇ ಮಳೆ ಬರ್ತಿದೆ!"

ಟವೆಲ್ ಸುತ್ತಿಕೊಂಡು ಇಳಿದು ಹೋದೆ. ಹಾಲ್‌ನ ಸೀಲಿಂಗ್ ಉಬ್ಬಿ ಕೆಳಕ್ಕೆ ಜೋತುಬಿದ್ದಿತ್ತು. ದೀಪದ ಸುತ್ತ ನೀರು ಸುರಿಯುತ್ತಿತ್ತು, ಬಿಸಿನೀರು. ಸೋಫಾ, ಕಾರ್ಪೆಟ್ಟು, ಲೈಬ್ರರಿಯ ಆ ದಪ್ಪ ಪುಸ್ತಕ, ಎಲ್ಲ ನೆನೆದು ತೊಪ್ಪೆಯಾಗುತ್ತಿದ್ದವು. ಅಮ್ಮ ಆ ಧಾರೆಗೂ ಒಂದು ಪಾತ್ರೆ ಹಿಡಿದು ನಿಂತಿದ್ದಳು. ನನಗೆ ಗಾಬರಿಯೂ ಆಗಲಿಲ್ಲ. ತಟ್ಟೆಯ ಅಂಚಿನ ನುಗ್ಗೆಕಾಯಿ ನೆನಪಾಯಿತು, ವಾಷಿಂಗ್ ಮಷೀನ್ ಹಿಂದಕ್ಕೆ ಕೈ ಹಾಕಿ ವಾಲ್ವು ತಿರುಗಿಸಿದೆ. ಬಿಗಿಯಾಗಿತ್ತು, ಎರಡೂ ಕೈ ಹಾಕಿ ತಿರುಗಿಸಿದೆ. ಸೀಲಿಂಗಿನ ಮಳೆ ತೊಟ್ಟು ತೊಟ್ಟಾಗಿ ನಿಂತಿತು. ಗಂಡನ ಆಫೀಸಿಗೆ ಫೋನ್ ಮಾಡಿದರೆ ಮೀಟಿಂಗ್‌ನಲ್ಲಿದ್ದಾರೆ ಎಂದರು. ಪ್ಲಂಬರನಿಗೆ ಮಾಡಿದರೆ ನಾಳೆ ಬರುತ್ತೇನೆ ಎಂದ. ಅಂದಹಾಗೆ, ಅಮ್ಮ ಅಷ್ಟೂ ನಲ್ಲಿ ತೆರೆದಿಟ್ಟದ್ದರಿಂದ ಪೈಪಿನ ಒತ್ತಡ ತಗ್ಗಿ ಸೀಲಿಂಗ್ ಪೂರ್ತಿ ಬೀಳದೆ ಉಳಿಯಿತಂತೆ. ಇದನ್ನು ಅವಳು ಬದುಕಿರುವವರೆಗೂ ಬಂದವರಿಗೆಲ್ಲ ಹೇಳಿಕೊಂಡಳು.

ಆ ಕ್ಷಣಕ್ಕೆ ಮಾತ್ರ ಅವಳಿಗೆ ಸೀಲಿಂಗೂ ಬೇಡ, ಸೋಫಾನೂ ಬೇಡ. "ತಲೆ ಒದ್ದೆ ಮಾಡ್ಕೊಂಡು ನಿಂತಿದೀಯಲ್ಲೇ! ಬಾಣಂತಿ ತಲೆಗೆ ಥಂಡಿ ಹೊಕ್ಕರೆ ಏನ್ ಗತಿ? ಅರ್ಧ ನೀರಲ್ಲಿ ಬಿಡಬಾರದು" ಎಂದವಳೇ ಬಕೆಟ್ಟು ಎತ್ತಿಕೊಂಡು ಬಾಗಿಲು ತೆಗೆದು ಪಕ್ಕದ ಮನೆಗೆ ನಡೆದಳು. ಅವಳಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದು ಥ್ಯಾಂಕ್ಯೂ ಒಂದೇ. ಕರ್ಮ ಎಂದುಕೊಂಡು ನಾನೂ ಹಿಂದೆ ಹೋದೆ, ಲಂಗದ ಮೇಲೆ ಗಂಡನ ಓವರ್‌ಕೋಟು, ತಲೆಗೆ ಟವೆಲ್ಲು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಹೊಸ್ತಿಲು ದಾಟಿದ್ದು ಅದೇ ಮೊದಲು.

ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಒಬ್ಬರೇ ಇದ್ದರು. ಸ್ಕೂಲ್ ಬಸ್ಸು ಓಡಿಸಿ ನಿವೃತ್ತರಾದ ಕಪ್ಪು ಜನಾಂಗದವರು, ದೊಡ್ಡ ಮೈ, ದೊಡ್ಡ ದನಿ. ನನ್ನ ಹೊಟ್ಟೆ ಕಾಣತೊಡಗಿದಾಗಿನಿಂದ ಬೇಲಿಯಾಚೆಯಿಂದ ವಿಚಾರಿಸಿಕೊಳ್ಳುತ್ತಿದ್ದರು. ಚಳಿಗಾಲ ಕಳೆಯಲು ದಕ್ಷಿಣ ಕ್ಯಾರೊಲಿನಾದ ಮಗಳ ಮನೆಗೆ ಹೋದವರು ಹಿಂದಿನ ದಿನವಷ್ಟೇ ಮರಳಿದ್ದರು. ನಮ್ಮ ಮನೆಯಲ್ಲಿ ನಡೆದದ್ದು ಅವರಿಗೆ ಗೊತ್ತಿರಲಿಲ್ಲ.

ಬಾಗಿಲು ತೆಗೆದು ಬಕೆಟ್ಟು ನೋಡಿದರು, ಅಮ್ಮನನ್ನು ನೋಡಿದರು, ಎಣ್ಣೆ ಇಳಿಯುತ್ತಿದ್ದ ನನ್ನ ಮುಖ ನೋಡಿದರು. ಪೈಪು ಒಡೆದಿದೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಕಣ್ಣು ನನ್ನ ಹೊಟ್ಟೆಗೆ ಹೋಯಿತು. ಮುಖವೆಲ್ಲ ನಗುವಾಯಿತು.

"ಅಯ್ಯೋ ತಾಯಿ, ಹೆರಿಗೆ ಆಯ್ತಾ! ಗಂಡೋ ಹೆಣ್ಣೋ?"

ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ತಿಳಿದವರೆಲ್ಲ ಬಹಳ ಜಾಗರೂಕರಾಗಿದ್ದರು. ಆಸ್ಪತ್ರೆಯವರು ಕೂಡ ಲಾಸ್, ನಷ್ಟ ಎನ್ನುವ ಪದವನ್ನೇ ಬಳಸುತ್ತಿದ್ದರು, ಪರ್ಸು ಕಳೆದುಕೊಂಡವರಿಗೆ ಹೇಳಿದ ಹಾಗೆ. ಮಗು ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ವಾಕ್ಯ ಬಾಯಲ್ಲಿ ತಯಾರಾಗಿಯೇ ಇತ್ತು.

"ಹೆಣ್ಣು" ಎಂದೆ. "ಹುಟ್ಟುವಾಗ ಜೀವ ಇರಲಿಲ್ಲ."

ಅವರ ನಗು ನಿಂತಿತು. ಆದರೆ ಕಣ್ಣು ತಪ್ಪಿಸಲಿಲ್ಲ, ದೇವರ ಇಚ್ಛೆ ಅನ್ನಲಿಲ್ಲ. ಬಕೆಟ್ಟು ಯಾತಕ್ಕೆ ಎಂದು ಕೇಳಿದರು. ನಮ್ಮಲ್ಲಿ ಹೆತ್ತವರಿಗೆ ತಾಯಿ ಬಿಸಿನೀರು ಹಾಕುತ್ತಾಳೆ, ಅರ್ಧಕ್ಕೇ ನಿಂತುಹೋಯಿತು ಎಂದೆ. ಹೆತ್ತವರಿಗೆ ಎನ್ನುವಾಗ ನಾನೇ ಅದನ್ನು ಹೇಳುತ್ತಿದ್ದೇನೆ ಎಂಬುದು ಹೊಳೆಯಿತು. ಆ ಹೆಂಗಸು ಅಮ್ಮನ ಕೈಯಿಂದ ಬಕೆಟ್ಟು ತೆಗೆದುಕೊಂಡರು. ಹೊತ್ತುಕೊಂಡು ಯಾಕೆ ಹೋಗುವುದು, ಇಲ್ಲೇ ಹಾಕಲಿ ಎಂದು ತಮ್ಮ ಬಚ್ಚಲಿಗೆ ಕರೆದುಕೊಂಡು ಹೋದರು.

ಅಲ್ಲಿಯ ನಲ್ಲಿಗೆ ಕೈಯೊಡ್ಡಿ ಅಮ್ಮ ಮುಖ ಸಿಂಡರಿಸಿದಳು. "ಇವರದ್ದೂ ಅದೇ ಕತೆ. ಕಾಯಿಸಿ ಕೊಡಕ್ಕೆ ಹೇಳೇ." ಹೇಳಿದೆ. ಆ ಹೆಂಗಸು ಒಲೆಯ ಮೇಲೆ ಎರಡು ದೊಡ್ಡ ಪಾತ್ರೆ ಇಟ್ಟು, ಕೆಟಲಿನಲ್ಲಿ ಒಂದೊಂದೇ ಸಲ ತಂದು ಕೊಡತೊಡಗಿದರು. ಅಮ್ಮ ಬೆರೆಸಿ ಬೆನ್ನಿಗೆ ಎರಚುತ್ತಿದ್ದಳು. ಒಬ್ಬರಿಗೊಬ್ಬರು ಮಾತು ತಿಳಿಯದಿದ್ದರೂ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡೇ ಕೆಲಸ ಮಾಡುತ್ತಿದ್ದರು.

ಒಮ್ಮೆ ಕೆಟಲ್ ಹಿಡಿದು ಬಾಗಿಲಲ್ಲೇ ನಿಂತು ಅವರು ಏನೋ ಕೇಳಿದರು. ನಾನು ತಲೆ ತಗ್ಗಿಸಿ ಕೂತೆ.

"ಏನಂತೆ?" ಎಂದಳು ಅಮ್ಮ.

"ಮಗು ಹೆಸರೇನು ಅಂತ ಕೇಳ್ತಿದಾರೆ."

ಜೀವವಿಲ್ಲದೆ ಹುಟ್ಟಿದ ಮಗುವಿಗೆ ನಮ್ಮಲ್ಲಿ ಹೆಸರಿಡುವುದಿಲ್ಲ. ನಾನಾಗಲಿ ನನ್ನ ಗಂಡನಾಗಲಿ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅಮ್ಮ ಚೊಂಬು ಎತ್ತಿದವಳು ಎತ್ತಿದಂತೆಯೇ ಒಂದು ಹೆಸರು ಹೇಳಿದಳು. ಯೋಚಿಸಲಿಲ್ಲ, ತಡವರಿಸಲಿಲ್ಲ. ಎಷ್ಟು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದಳೋ. ಹೇಳಿ, ನನ್ನ ತಲೆಯ ಮೇಲೆ ನೀರು ಸುರಿದಳು. ನಾನು ಅವಳ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನೀರಿನ ಸದ್ದಿನಲ್ಲಿ ಆ ಹೆಂಗಸಿಗೆ ಸರಿಯಾಗಿ ಕೇಳಿಸಲಿಲ್ಲ. ಒಳಕ್ಕೆ ಒಂದು ಹೆಜ್ಜೆ ಬಂದು ಇನ್ನೊಂದು ಸಲ ಕೇಳಿದರು. ಈ ಸಲ ನಾನು ಹೇಳಿದೆ.